ಮಣ್ಣುಂಡೆ ಕರಗಿದ ಕೆರೆ

ಎರೆಹಾಳಿಂದ ಕೆಂಗುಂಟೆಗೆ ಹೋಗೋ ದಾರಿ ಕೆರೆ ಏರಿ ಮ್ಯಾಲೇ ಹಾದು ಹೋಗ್ತದೆ. ಆ ಏರಿ ಮ್ಯಾಲೆ ನಿಂತು ಎಡಕ್ಕೆ ನೋಡಿದ್ರೆ ನೀರು. ಅಂಥಾ ದೊಡ್ಡ ಕೆರೆ ಏನಲ್ಲ, ಈ ದಂಡೇಲಿ ನಿಂತು ಬೈದ್ರೆ ಆ ದಂಡೆಯೋನಿಗೆ ಒಂದು ಮಾತೂ ಬಿಡದಂಗೆ ಕೇಳ್ತದೆ. ಬಡಗಲಿಗೆ ಎರೆಹಾಳು, ಅಲ್ಲೆಲ್ಲ ಕರೀ ಎರೆಮಣ್ಣು. ತೆಂಕಲಿಗೆ ಕೆಂಗುಂಟೆ, ಅಲ್ಲಿ ಕಾಲಿಟ್ರೆ ಅಂಗಾಲು ಕೆಂಪಾಗ್ತದೆ. ಏರಿ ನಡೂಮಧ್ಯೆ ಒಂದು ಗಡಿಗಲ್ಲು ಐತೆ. ಅದಕ್ಕೆ ನೇರವಾಗಿ, ನೀರಿನ ಆಚೆ ತುದೀಲಿ, ಮೂಡಲ ದಂಡೇಲಿ ಇನ್ನೊಂದು. ಎರಡು ಕಲ್ಲಿನ ನಡುವೆ ನೀರು ಬಿಟ್ರೆ ಬ್ಯಾರೇನೂ ಇಲ್ಲ. ಮೂಡಲ ಕಲ್ಲಿನ ಬುಡದಿಂದ ನೀರಿಗೆ ಮೆಟ್ಟಿಲು ಇಳೀತವೆ, ಅದನ್ನ ಗಾಳೆಪ್ಪನ ಮೆಟ್ಟಿಲು ಅಂತಾರೆ. ಕೆರೆ ಹೆಸರು ಮಣ್ಣುಂಡೆ ಕೆರೆ, ಪೂರ್ತಿ ಹೇಳಿದ್ರೆ ಮಣ್ಣುಂಡೆ ಕರಗಿದ ಕೆರೆ. ರಸ್ತೆ ಪಕ್ಕ ಯಾರೋ ಬೋರ್ಡು ಹಾಕವ್ರೆ, ಹಿಂದೆ ಕುಂಬಾರರು ಇಲ್ಲಿಂದ ಮಣ್ಣು ಒಯ್ತಿದ್ರು, ಅದಕ್ಕೆ ಈ ಹೆಸರು ಅಂತ. ನಂಬಬ್ಯಾಡಿ. ಈ ಎರಡೂರಾಗೂ ಕುಂಬಾರರ ಮನೇನೇ ಇರ್ಲಿಲ್ಲ, ಮಡಕೆ ಸಂತೆಯಿಂದ ಬರ್ತಿತ್ತು. ಬರೆದೋನು ಏರಿ ಮ್ಯಾಲೆ ಕಾರು ನಿಲ್ಸಿ ಯಾರನ್ನೋ ಕೇಳಿರ್ತಾನೆ, ಅವನು ಬಾಯಿಗೆ ಬಂದಿದ್ದು ಹೇಳಿರ್ತಾನೆ. ನನ್ನ ಕೇಳಿದ್ರೆ ಸರಿಯಾಗಿ ಹೇಳ್ತಿದ್ದೆ. ನಾನು ಗಾಳೆಪ್ಪನ ವಂಶದೋನು. ಓದು ನಂಗೆ ಶಾನೆ ಬರಲ್ಲ, ಆದ್ರೆ ಈ ಎರಡೂರಿನ ಗಡಿಯನ್ನ ನನ್ನಷ್ಟು ತುಳಿದೋನು ಇವತ್ತು ಬದುಕಿಲ್ಲ, ನಾಳೆ ಹುಟ್ಟೋದೂ ಇಲ್ಲ.

ಹೋದ ಬ್ಯಾಸಗೇಲಿ ಸರ್ವೆಯೋರು ಬಂದ್ರು. ಜೀಪಿಂದ ಒಂದು ಉದ್ದ ಕೋಲು ಇಳಿಸಿದ್ರು, ಕೋಲಿನ ತುದೀಲಿ ಅಣಬೆ ಥರ ಬಿಳೀ ತಲೆ. ಇನ್ನೊಂದು ದುಂಬಿಯಂಥದ್ದು ತಂದಿದ್ರು, ಅದು ಗುಂಯ್ ಅಂತ ಮ್ಯಾಲೆ ಹೋಗಿ ನಮ್ಮ ಹಿತ್ತಲೆಲ್ಲ ಇಣುಕ್ತು. ನನ್ನ ಸೊಸೆ ಒಣಗಾಕಿದ್ದ ಸೀರೆ ಎಳ್ಕೊಂಡು ಒಳಕ್ಕೆ ಓಡಿದ್ಲು. ಸರ್ವೆಗೆ ಮುಂದಾಳು ಒಬ್ಬ ಹೆಣ್ಣುಮಗಳು, ಜಯಶೀಲಾ ಅಂತ ಹೆಸರು, ತಲೆಗೆ ಟೋಪಿ, ಕಾಲಿಗೆ ಬೂಟು. ಎಲ್ರೂ ಸುತ್ತ ನಿಂತು ಬಾಯಿ ಬಿಟ್ಕೊಂಡು ನೋಡ್ತಿದ್ರು. ನಾನು ಹೋಗಿ ಕೇಳೇಬಿಟ್ಟೆ, “ಏನವ್ವಾ, ಈ ಕೋಲು ಯಾರ ಕಡೇದು?” ಅಂತ. “ಯಾರ ಕಡೇದೂ ಅಲ್ಲಜ್ಜ. ಮೇಲೆ ಉಪಗ್ರಹಗಳಿದಾವೆ. ನಾವು ಎಲ್ಲಿದೀವಿ ಅನ್ನೋದನ್ನ ಇದು ಅವುಗಳಿಂದ ತಿಳ್ಕೊಳ್ತದೆ” ಅಂದ್ಲು. “ನಾನೆಲ್ಲಿದೀನಿ ಅಂತ ನಂಗೆ ಗೊತ್ತಲ್ಲ, ಅವರನ್ಯಾಕೆ ಕೇಳ್ಬೇಕು?” ಅಂದೆ. ನಕ್ಕಳು. ನಗೋರನ್ನ ನಾನು ಬೇಗ ನಂಬಲ್ಲ. ಆಮೇಲೆ ಅವಳು ಒಂದು ಮಾತು ಆಡಿದ್ಲು. “ಹಳೇ ನಕ್ಷೇಲಿ ಗಡಿ ಗೆರೆ ಕೆರೆ ಹತ್ರ ಬಂದು ನಿಂತುಹೋಗಿದೆ. ಆಗ ನೀರಲ್ಲಿ ಸರಪಳಿ ಹಿಡಿಯೋಕೆ ಆಗಿರ್ಲಿಲ್ಲ ಅನ್ಸುತ್ತೆ. ಈಗೇನೂ ತೊಂದ್ರೆಯಿಲ್ಲ, ನೀರಿನ ಮೇಲೂ ಗೆರೆ ಎಳೀಬಹುದು. ಎಡಕ್ಕೆ ಬಳಸಬೇಕೋ ಬಲಕ್ಕೆ ಬಳಸಬೇಕೋ ಅನ್ನೋದನ್ನ ಎರಡೂರಿನೋರು ಸೇರಿ ಹೇಳಿದ್ರೆ ಸಾಕು” ಅಂದ್ಲು. ಅಷ್ಟೊತ್ತಿಗೆ ಎರೆಹಾಳಿನ ಒಬ್ಬ ಅವಳಿಗೆ ಎಳನೀರು ಹಿಡ್ಕೊಂಡು ಬರ್ತಿದ್ದ, ಕೆಂಗುಂಟೆಯೋನು ಮಜ್ಜಿಗೆ ಚೊಂಬು ಹಿಡ್ಕೊಂಡು ಬರ್ತಿದ್ದ. ನಂಗೆ ಗೊತ್ತಾಯ್ತು, ಹಳೇ ಆಟ ಮತ್ತೆ ಶುರುವಾಗ್ತೈತೆ. “ನಿಂತ್ಕೊಳವ್ವಾ” ಅಂದೆ. “ಆ ಗೆರೆ ನೀರಿಗೆ ಹೆದರಿ ನಿಂತಿದ್ದಲ್ಲ. ಯಾಕೆ ನಿಂತೈತೆ ಅಂತ ಕೇಳ್ಕೊಂಡು ಆಮೇಲೆ ಎಳಿ.” ಅವಳಿಗೆ ಹೇಳಿದ್ದನ್ನೇ ಈಗ ನಿಮ್ಗೂ ಹೇಳ್ತಿದೀನಿ.

ಹಿಂದೊಂದು ಕಾಲದಾಗೆ, ಬಿಳೀ ದೊರೆಗಳು ಊರೂರಿಗೆ ಸರಪಳಿ ಹಾಕಿ ಅಳೀತಾ ಬಂದಾಗ, ಅವರ ಒಂದು ದಂಡು ಈ ಕೆರೆ ಹತ್ರ ಬಂದು ಡೇರೆ ಹೊಡೀತು ಅಂತಾರೆ. ದೊರೆ ಜ್ವರ ಹಿಡಿದು ಡೇರೇಲಿ ಮಲಗ್ಬಿಟ್ಟ. ಕೆಲಸವೆಲ್ಲ ನಡೆಸಿದೋನು ಸೇತೂರಾಯ ಅನ್ನೋ ಮುನ್ಷಿ, ಸಣ್ಣ ಮೈ, ದೊಡ್ಡ ರುಮಾಲು. ಆಗ ಈ ಎರಡೂರಿಗೂ ಒಬ್ಬರ ಕಂಡ್ರೆ ಒಬ್ಬರಿಗೆ ಆಗ್ತಿರ್ಲಿಲ್ಲ. ಕೆರೆ ನೀರು ಇಬ್ರೂ ಬಳಸ್ತಿದ್ರು, ಇಬ್ರೂ ನಮ್ಮದು ಅಂತಿದ್ರು, ಬಾಯಿಮಾತಿನಾಗೆ ಹೆಂಗೋ ನಡೀತಿತ್ತು. ಆದ್ರೆ ನಕ್ಷೇಲಿ ಕೆರೆ ಒಂದು ಊರಿಗೆ ಬೀಳ್ಬೇಕಲ್ಲ. ಯಾವೂರಿಗೆ ಬೀಳಲ್ವೋ ಆ ಊರು ನಾಳೆಯಿಂದ ನೀರಿಗೆ ಇನ್ನೊಂದು ಊರಿನ ಕಾಲು ಹಿಡೀಬೇಕು. ಅದಕ್ಕೆ ಮುನ್ಷಿ ಏನು ಮಾಡಿದ್ರೂ ಎರಡೂ ಕಡೆಗೆ ಅನುಮಾನ. ಎರೆಹಾಳಿನ ಮರುಳಪ್ಪ ಗೌಡ ಬಂದು, ಕಬ್ಬಿಣ ಬಿಸಿಲಿಗೆ ಹಿಗ್ತದೆ, ನಮ್ಮ ಮಗ್ಗುಲನ್ನ ಮಧ್ಯಾಹ್ನ ಅಳೆದು ಅವರ ಮಗ್ಗುಲನ್ನ ಬೆಳಗ್ಗೆ ಅಳೆದ್ರೆ ನಮಗೆ ಮೋಸ ಆಗ್ತದೆ, ಸರಪಳೀನ ನೆರಳಾಗೆ ಮಲಗ್ಸಿ ಆಮೇಲೆ ತರ್ಬೇಕು ಅಂದ. ಮುನ್ಷಿ ದಿನಾ ಸರಪಳೀನ ಹುಣಸೆ ಮರದ ಕೆಳಗೆ ಮಲಗ್ಸಿದ. ಕೆಂಗುಂಟೆಯ ಯಜಮಾನ ಓಬಳಪ್ಪ ಮೂರು ಕಾಲಿನ ಗಾಜಿನ ಕೊಳವೇನ ಅನುಮಾನದಿಂದ ಸುತ್ತಿ ಸುತ್ತಿ ನೋಡಿದ. ಮುನ್ಷಿ ಕಣ್ಣಿಡೋಕೆ ಬಿಟ್ಟ. ಆ ಗಾಜಿನಾಗೆ ಎಲ್ಲ ತಲೆಕೆಳಗಾಗಿ ಕಾಣ್ತಿತ್ತಂತೆ. ಎರೆಹಾಳು ಪೂರಾ ಬುಡಮೇಲಾಗಿ ನಿಂತಿದ್ದು ಕಂಡು ಓಬಳಪ್ಪನಿಗೆ ಸಂತೋಷ ತಡೀಲಾಗ್ಲಿಲ್ಲ, ಊರಿಗೆಲ್ಲ ಕರೆದು ತೋರಿಸ್ದ. ಆಮೇಲೆ ಮುನ್ಷಿ ಕೊಳವೇನ ಈ ಕಡೆ ತಿರುಗಿಸ್ದಾಗ ಕೆಂಗುಂಟೇನೂ ತಲೆಕೆಳಗೆ ಕಾಣ್ತು. ಅವತ್ತಿಂದ ಓಬಳಪ್ಪ ಆ ಗಾಜಿನ ಮುಂದೆ ಒಬ್ಬ ಆಳನ್ನ ಕಂಬಳಿ ಹಿಡ್ಕೊಂಡು ನಿಲ್ಸಿದ, ನಮ್ಮೂರ ಕಡೆ ತಿರುಗಿದ್ರೆ ಮುಚ್ಚು ಅಂತ. ಹಿಂಗಾದ್ರೆ ಅಳತೆ ಮುಗಿಯೋದು ಯಾವಾಗ. ಮುನ್ಷಿ ಬೇಸತ್ತು ಕೊನೆಗೊಂದು ಮಾತಂದ: “ನಾನು ಉದ್ದ ಅಳೀತೀನಿ, ಅಗಲ ಅಳೀತೀನಿ. ಗಡಿ ಎಲ್ಲಿ ಅಂತ ಹೇಳೋದು ನನ್ನ ಕೆಲಸ ಅಲ್ಲ. ನಿಮ್ಮ ಪದ್ಧತಿ ಹೆಂಗೈತೋ ಹಂಗೆ ತೋರಿಸಿ, ನಾನು ಅದರ ಹಿಂದೆ ಸರಪಳಿ ಎಳ್ಕೊಂಡು ಬರ್ತೀನಿ.”

ನಮ್ಮ ಸೀಮೆ ಪದ್ಧತಿ ಅಂದ್ರೆ ಮಣ್ಣುಂಡೆ ಹೊತ್ತು ನಡೆಯೋದು. ಗಡಿ ಜಗಳ ಬಂದ್ರೆ ಊರ ಕುಳವಾಡಿ ಬರ್ಬೇಕು. ಕುಳವಾಡಿ ಅಂದ್ರೆ ನಮ್ಮ ಜನ, ಊರ ಹೊರಗಿನ ಕೇರಿಯೋರು. ತಮಟೆ ಬಡಿದು ಊರಿಗೆ ಸಾರು ಹಾಕೋದು, ಹೊಲ ಕಾಯೋದು, ಗಡಿ ನೆನಪಿಟ್ಕೊಳ್ಳೋದು ನಮ್ಮ ಪಾಲಿಗೆ. ಅವನು ತಣ್ಣೀರು ಹುಯ್ಕೊಂಡು, ಒದ್ದೆ ಕಂಬಳಿ ಹೊದ್ಕೊಂಡು, ಭೂಮ್ತಾಯಿ ಮ್ಯಾಲೆ ಆಣೆ ಇಟ್ಟು, ತಲೆ ಮ್ಯಾಲೆ ಮಣ್ಣಿನ ಉಂಡೆ ಹೊತ್ತು, ಗಡಿ ಎಲ್ಲಿ ಐತೋ ಅಲ್ಲೇ ಕಾಲಿಟ್ಟು ನಡೀಬೇಕು. ಉಂಡೆ ತಲೆ ಮ್ಯಾಲೆ ಇರೋವರೆಗೂ ಅವನ ಜೊತೆ ಯಾರೂ ಮಾತಾಡ್ಬಾರ್ದು, ಮುಟ್ಬಾರ್ದು, ಅಡ್ಡ ನಿಲ್ಬಾರ್ದು, ಅರಸನೇ ಬಂದ್ರೂ ಅಷ್ಟೆ. ಅವನ ಕಾಲು ಸುಳ್ಳು ಹೇಳಿದ್ರೆ ಉಂಡೆ ಒಡೀತದೆ. ಒಡೆದ್ರೆ ಅವನ ಮಾತು ಬಿತ್ತು, ಅವನ ಮನೆತನ ಎರಡೂರನ್ನೂ ಬಿಟ್ಟು ಹೋಗ್ಬೇಕು. ನೋಡಿ ಹೆಂಗೈತೆ. ದೇವಸ್ಥಾನದ ಹೊಸ್ತಿಲು ದಾಟ್ಬಾರ್ದು, ಕೆರೆ ನೀರಿಗೆ ಕೈ ಹಾಕ್ಬಾರ್ದು, ಆದ್ರೆ ಊರು ಎಲ್ಲಿ ಮುಗೀತದೆ ಅಂತ ಹೇಳೋಕೆ ಮಾತ್ರ ನಾವೇ ಬೇಕು. ಎರೆಹಾಳಿಗೂ ಕೆಂಗುಂಟೆಗೂ ಆಗ ಒಂದೇ ಕುಳವಾಡಿ ಮನೆ ಇತ್ತು. ಆ ಮನೆ ಯಜಮಾನ ಗಾಳೆಪ್ಪ. ಎರಡೂರೋರೂ ಅವನನ್ನ ಗಾಳ ಅಂತಿದ್ರು. ಎರಡೂರಿಗೂ ಸೇರಿದೋನು ಅಂದ್ರೆ ಎರಡೂರಿಗೂ ಅನುಮಾನದೋನು ಅಂತ ಲೆಕ್ಕ.

ಉಂಡೆ ಹೊರೋ ಹಿಂದಿನ ದಿನ ಸಂಜೆ ಮರುಳಪ್ಪ ಗೌಡ ಕೇರಿ ಬಾಗ್ಲಿಗೆ ಬಂದು, ಒಳಕ್ಕೆ ಬರ್ದೆ, ಬೇವಿನ ಮರದ ಹತ್ರ ನಿಂತು ಕೆಮ್ಮಿದ. “ಗಾಳ, ನಿನ್ನ ಹೊಲ ನಮ್ಮೂರಾಗೈತೆ. ನೆನಪೈತೋ?” “ಐತೆ ಗೌಡ್ರೆ.” “ಮೂಡಲ ದಂಡೆ ಮುಟ್ಟಿದ ಮ್ಯಾಲೆ ಎಡಗಾಲು ಮುಂದಿಡೋದು ಒಳ್ಳೇದು. ಶಕುನಕ್ಕೆ ಹೇಳ್ದೆ.” ನಡಿಗೆ ಮೂಡಲಿಂದ ಪಡುವಲಿಗೆ, ಎಡಕ್ಕೆ ತಿರುಗಿ ತೆಂಕಲ ದಂಡೆ ಹಿಡ್ಕೊಂಡು ಹೋದ್ರೆ ಕೆರೆ ಪೂರಾ ಎರೆಹಾಳಿಗೆ ಬೀಳ್ತಿತ್ತು. ಗೌಡ ಹೋಗಿ ಧೂಳು ಇಳಿಯೋ ಮುಂಚೆ ಓಬಳಪ್ಪ ಬಂದು ಅದೇ ಬೇವಿನ ಮರದ ಹತ್ರ ನಿಂತ. “ಏನೋ ಗಾಳ, ನಿನ್ನ ಹೆಂಡ್ತಿ ತೌರು ನಮ್ಮೂರ ಕೇರಿ ಅಲ್ವೇನೋ? ಅವರ ಗುಡಿಸ್ಲು ಇನ್ನೂ ಅಲ್ಲೇ ಇರ್ಬೇಕಲ್ಲ?” “ಇರ್ಬೇಕು ಯಜಮಾನ್ರೆ.” “ಇರ್ಬೇಕು ಅಂದ್ರೆ ಬಲಕ್ಕೆ ತಿರುಗು.” ಬಲಕ್ಕೆ ತಿರುಗಿ ಬಡಗಲ ದಂಡೆ ಹಿಡಿದ್ರೆ ಕೆರೆ ಕೆಂಗುಂಟೇದು. ಇಬ್ರೂ ಹೋದ ಮ್ಯಾಲೆ ಗಾಳೆಪ್ಪ ಹೊಸ್ತಿಲ ಮ್ಯಾಲೆ ಕೂತು ತಲೆ ಕೆರ್ಕೊಂಡ. ಅವನ ಹೆಂಡ್ತಿ ನಿಂಗವ್ವ ಆಗ ತಾನೇ ಕೆರೆಯಿಂದ ಬಂದಿದ್ಲು. ಬಂದಿದ್ಲು ಅಂದ್ರೆ ಕಾದು ಕಾದು ಬಂದಿದ್ಲು. ನಮ್ಮೋರು ದಂಡೇಲಿ ಬಿಂದಿಗೆ ಇಟ್ಕೊಂಡು ದೂರ ಕೂತ್ಕೊಳ್ಬೇಕು, ನೀರು ಸೇದೋಕೆ ಬಂದೋರಾಗೆ ಯಾರಿಗಾದ್ರೂ ಮನಸಾದ್ರೆ ಮ್ಯಾಲಿಂದ ಹುಯ್ತಿದ್ರು. ಅವತ್ತು ಎರಡೂರೋರಿಗೂ ಜಗಳದ ಗ್ಯಾನ, ಯಾರೂ ಪೂರ್ತಿ ಹುಯ್ದಿರ್ಲಿಲ್ಲ. ಅರ್ಧ ಬಿಂದಿಗೆ ಇಳಿಸಿ ಅವಳಂದ್ಲಂತೆ, “ಎಡಕ್ಕೆ ತಿರುಗು, ಆ ಊರೋರು ಹುಯ್ತಾರೆ. ಬಲಕ್ಕೆ ತಿರುಗು, ಈ ಊರೋರು ಹುಯ್ತಾರೆ. ನಾನಂತೂ ದಂಡೇಲೇ ಕೂತಿರ್ತೀನಿ. ನೀನು ಎತ್ತ ತಿರುಗಿದ್ರೆ ನಂಗೇನು?” ಗಾಳೆಪ್ಪ, “ಸುಮ್ನಿರೆ” ಅಂದ. ಅವಳು ಸುಮ್ನಿದ್ದ ದಾಖಲೆ ನಮ್ಮ ವಂಶದಾಗೆ ಎಲ್ಲೂ ಇಲ್ಲ. “ಉಂಡೆ ಹೊತ್ತಾಗ ನಿನ್ನ ಯಾರೂ ಮುಟ್ಬಾರ್ದು, ತಡೀಬಾರ್ದು ಅಂತಾರಲ್ಲ, ಅದು ಗೌಡ್ರಿಗೂ ಲಾಗೂನೋ, ಇಲ್ಲಾ ಬರೀ ನಾಯಿಗಳಿಗೋ?” ಅಂತ ಕೇಳಿದ್ಲಂತೆ. ಗಾಳೆಪ್ಪ ತಲೆ ಕೆರೆಯೋದು ನಿಲ್ಸಿದ. ಅರ್ಧ ಬಿಂದಿಗೆ ನೀರನ್ನೇ ನೋಡ್ತಾ ಕೂತಿದ್ನಂತೆ.

ಬೆಳಗಾಯ್ತು. ಎರಡೂರೂ ಮೂಡಲ ದಿನ್ನೇಲಿ ಸೇರ್ತು. ಅಲ್ಲಿ ಆಗಿದ್ದೇ ಈ ಎರಡೂರೋರು ಮಾತ್ರ ಮಾಡಬಲ್ಲಂಥಾ ಕೆಲಸ. ಉಂಡೆಗೆ ಹುತ್ತದ ಮಣ್ಣು ತರೋದು ವಾಡಿಕೆ, ಹುತ್ತದ ಮಣ್ಣು ಜಿಗುಟು, ಬಿಸಿಲಿಗೆ ಬಿರಿಯಲ್ಲ. ಆದ್ರೆ ದಿನ್ನೇಲಿದ್ದ ಹುತ್ತ ಎರೆಹಾಳಿನ ಮಗ್ಗುಲಿಗಿತ್ತು. ಅವರ ಹುತ್ತದ ಮಣ್ಣು ಅವರ ಕಡೆಗೇ ಎಳೀತದೆ ಅಂತ ಓಬಳಪ್ಪ ಒಪ್ಲಿಲ್ಲ. ಹಂಗಾದ್ರೆ ನಿಮ್ಮ ಮಣ್ಣೂ ಬ್ಯಾಡ ಅಂತ ಮರುಳಪ್ಪ ಅಂದ. ಕೊನೆಗೆ ಅರ್ಧ ಎರೆಮಣ್ಣು, ಅರ್ಧ ಕೆಮ್ಮಣ್ಣು ಅಂತ ತೀರ್ಮಾನ ಆಯ್ತು. ಅವರ ಮಣ್ಣನ್ನ ಇವರು ಮುಟ್ಟಲ್ಲ, ಇವರದ್ದನ್ನ ಅವರು ಮುಟ್ಟಲ್ಲ, ಮುಟ್ಟಿದ್ರೆ ಮಂತ್ರ ಹಾಕ್ತಾರಂತೆ. ಅದಕ್ಕೆ ಬ್ಯಾರೆ ಬ್ಯಾರೆ ಅರ್ಧ ಉಂಡೆ ಕಟ್ಟಿ ಒಂದಕ್ಕೊಂದು ಒತ್ತಿದ್ರು. ಕಲೆಸೋಕೆ ಕೆರೆ ನೀರು ತರೋಂಗಿಲ್ಲ, ಅದು ಯಾರದ್ದು ಅಂತ ಗೊತ್ತಾಗೋಕೇ ತಾನೇ ಇದೆಲ್ಲ. ಮುನ್ಷಿ ತಂಬಿಗೇಲಿ ಕುಡಿಯೋಕೆ ಇಟ್ಕೊಂಡಿದ್ದ ನೀರನ್ನ ಎರಡು ಪಾಲು ಮಾಡಿದ್ರು, ಮಣ್ಣು ನೆನೆಯೋಕೂ ಅದು ಸಾಲ್ಲಿಲ್ಲ. ಮಣ್ಣಿನ ಕೆಲಸ ಮಾಡಿದೋರಿಗೆ ಕೇಳಿ. ಎರೆ ಒಣಗಿದ್ರೆ ಕುಗ್ಗಿ ಸೀಳ್ತದೆ, ಕೆಮ್ಮಣ್ಣು ಒಣಗಿದ್ರೆ ಉದುರ್ತದೆ. ಎರಡನ್ನ ನೀರಿಲ್ದೆ ಒತ್ತಿದ್ರೆ ಅದು ಉಂಡೆ ಅಲ್ಲ, ಎರಡು ದಾಯಾದಿಗಳನ್ನ ಒಂದೇ ಹಗ್ಗದಾಗೆ ಕಟ್ಟಿದಂಗೆ. ಗಾಳೆಪ್ಪ ಅದನ್ನ ಕೈಯಾಗೆ ತಗೊಂಡಾಗಲೇ ಬೆಸುಗೆ ಬಾಯಿ ಬಿಟ್ಟಿತ್ತು. ನೀರಿನ ದಂಡೆ ಮುಟ್ಟೋದ್ರೊಳಗೆ ಒಡೆಯೋದು ಖಾಯಂ ಅಂತ ಅವನಿಗೆ ಗೊತ್ತಾಯ್ತು. ಅವನು ನಿಜ ನಡೆದ್ರೂ ಅಷ್ಟೆ, ಸುಳ್ಳು ನಡೆದ್ರೂ ಅಷ್ಟೆ. ಎರಡೂರೋರ ಅನುಮಾನ ಸೇರ್ಕೊಂಡು ಅವನ ತಲೆ ಮ್ಯಾಲೆ ಕೂತಿತ್ತು. ಬಾಯಿ ಬಿಟ್ಟು ಹೇಳಿದ್ರೆ ಹೆದರಿದ ಅಂತಾರೆ. ಮನೇಲಿದ್ದ ಅರ್ಧ ಬಿಂದಿಗೆ ನೀರಾಗೆ ನೆನೆಸ್ಕೊಂಡು ಬಂದಿದ್ದ ಕಂಬಳಿ ತುದೀನ ಸಿಂಬಿ ಸುತ್ತಿ, ಉಂಡೆ ಅದರ ಮ್ಯಾಲೆ ಇಟ್ಕೊಂಡು, ಆಣೆ ಹೇಳಿ, ನಡೆಯೋಕೆ ಶುರು ಮಾಡ್ದ.

ಹಿಂದೆ ಮುನ್ಷಿ, ಅವನ ಹಿಂದೆ ಸರಪಳಿ ಹಿಡಿದೋರು, ಅವರ ಹಿಂದೆ ಕಲ್ಲು ಹೊತ್ತೋರು, ಎಡಕ್ಕೂ ಬಲಕ್ಕೂ ಎರಡೂರ ಜನ. ಬಿಸಿಲು ಏರ್ತಿತ್ತು. ಮಣ್ಣಿನ ಪುಡಿ ಅವನ ಎಡಗಿವಿ ಮ್ಯಾಲೆ ಕರ್ರಗೆ, ಬಲಗಿವಿ ಮ್ಯಾಲೆ ಕೆಂಪಗೆ ಉದುರೋಕೆ ಹತ್ತಿತು. ಅವನು ಕಂಬಳಿ ಹಿಂಡಿ ಹಿಂಡಿ ಬರೋ ಹನಿ ನೀರನ್ನ ಸಿಂಬಿಗೆ ಇಳಿಸ್ಕೊಳ್ತಾ, ಕತ್ತು ಅಲ್ಲಾಡಿಸ್ದೆ, ನೆಲದ ಮ್ಯಾಲೆ ಕಾಲು ಜಾರಿಸ್ದಂಗೆ ನಡೆದ. ಮೂಡಲ ದಂಡೆ ಬಂತು. ಎಲ್ರ ಕಣ್ಣೂ ಅವನ ಪಾದದ ಮ್ಯಾಲೆ. ಎಡಕ್ಕೋ, ಬಲಕ್ಕೋ. ಅಲ್ಲಿ ಅವನು ಒಂದು ಗಳಿಗೆ ನಿಂತ. ದಂಡೇಲಿ, ದೂರದಾಗೆ, ನಿಂಗವ್ವ ಬಿಂದಿಗೆ ಪಕ್ಕ ಕೂತಿದ್ಲು, ದಿನಾ ಕೂತ್ಕೊಳ್ಳೋ ಜಾಗದಾಗೇ. ಗಾಳೆಪ್ಪ ಎಡಕ್ಕೂ ತಿರುಗ್ಲಿಲ್ಲ, ಬಲಕ್ಕೂ ತಿರುಗ್ಲಿಲ್ಲ. ನೇರ ನೀರಿಗೆ ಕಾಲಿಟ್ಟ.

ಗೌಡ ಬಾಯಿ ತೆಗೆದ. ಆದ್ರೆ ಉಂಡೆ ಹೊತ್ತೋನ ಜೊತೆ ಮಾತಾಡ್ಬಾರ್ದಲ್ಲ, ಮಾತಾಡಿದೋನ ಊರಿಗೇ ಗಡಿ ತಪ್ತದೆ. ಅದಕ್ಕೆ ಪಕ್ಕದಾಗೆ ನೀರು ಕುಡೀತಿದ್ದ ಎಮ್ಮೆ ಕಡೆ ತಿರುಗಿ, “ಯಾರೋ ನಮ್ಮ ಕೆರೆಗೆ ಇಳೀತಾವ್ರಲ್ಲ, ನೋಡ್ದೇನೆ?” ಅಂದ್ನಂತೆ. ಓಬಳಪ್ಪ ಅದೇ ಎಮ್ಮೆಗೆ, “ನಮ್ಮ ಕೆರೆ ಅಂತ ಅಂದೋರು ಯಾರೇ?” ಅಂತ ಕೇಳಿದ. ಎಮ್ಮೆ ಯಾರಿಗೂ ಉತ್ತರ ಕೊಡ್ಲಿಲ್ಲ, ಅವತ್ತು ಅಲ್ಲಿದ್ದೋರಾಗೆ ಬುದ್ಧಿವಂತರು ಅದೊಂದೇ. ಗಾಳೆಪ್ಪ ಮೊಣಕಾಲು ಮುಳುಗಿಸ್ದ, ಸೊಂಟ ಮುಳುಗಿಸ್ದ. ನೀರಿಗೆ ಬೆರಳು ತಾಗಿಸ್ದ ತಪ್ಪಿಗೆ ಅವನ ಅಪ್ಪನನ್ನ ಇದೇ ದಂಡೇಲಿ ಹುಣಸೆ ಬರಲಾಗೆ ಹೊಡೆದಿದ್ರು. ಈಗ ಮಗ ಎದೆಮಟ್ಟ ನೀರಾಗೆ ನಡೀತವ್ನೆ, ಎರಡೂರಿನ ಗಂಡಸ್ರು ಕೈ ಕಟ್ಟಿ ನಿಂತವ್ರೆ. ಕೆಂಗುಂಟೆಯೋರು ಇವತ್ತಿಗೂ ಅವನು ಕಾಲು ಜಾರಿ ಬಿದ್ದ ಅಂತಾರೆ, ಎರೆಹಾಳೋರು ಬಿಸಿಲಿಗೆ ತಲೆ ಕೆಟ್ಟಿತ್ತು ಅಂತಾರೆ. ಜಾರಿದೋನು ಹಿಂದಕ್ಕೆ ಬೀಳ್ತಾನೆ. ಇವನು ಮುಂದಕ್ಕೇ ಹೋದ. ಏರಿ ಕಡೆ ಆಳ ಜಾಸ್ತಿ. ನೀರು ಗದ್ದಕ್ಕೆ ಬಂತು, ಮೂಗಿಗೆ ಬಂತು. ಕೊನೆಗೆ ನೀರಿನ ಮ್ಯಾಲೆ ಬರೀ ಉಂಡೆ ಕಾಣ್ತಿತ್ತು, ಅದೂ ಮೆಲ್ಲಗೆ ಇಳೀತು. ಅಲ್ಲಿ ನೀರು ಒಂದು ಮಗ್ಗುಲು ಕರ್ರಗಾಯ್ತು, ಒಂದು ಮಗ್ಗುಲು ಕೆಂಪಾಯ್ತು, ಆಮೇಲೆ ಯಾವುದು ಯಾವುದು ಅಂತ ಗೊತ್ತಾಗ್ದಂಗೆ ಕಲೆತ್ಹೋಯ್ತು. ನಿಂಗವ್ವ ಎದ್ದು ನಿಂತ್ಲು. ಎಲ್ರೂ ಸತ್ತ ಅಂತ ಅಂದ್ಕೊಂಡಾಗ ಏರಿ ಬುಡದ ಹತ್ರ ಒಂದು ಬೋಳು ತಲೆ ಎದ್ದು, ಕೆಮ್ಮಿ, ಬೊಗಸೆ ತುಂಬ ನೀರು ಎತ್ತಿ ಎಲ್ರೂ ನೋಡೋಂಗೆ ಕುಡೀತು. ನಂತ್ರ ಏರಿ ಕಲ್ಲು ಹಿಡ್ಕೊಂಡು ಮ್ಯಾಲೆ ಹತ್ತಿ ಕೂತ್ಕೊಳ್ತು.

ಮುನ್ಷಿ ದಂಡೆ ಬಳಸ್ಕೊಂಡು ಓಡಿ ಏರಿಗೆ ಬಂದ, ಹಿಂದೆ ಎರಡೂರು. “ಉಂಡೆ ಒಡೀತೇನಯ್ಯಾ?” ಅಂತ ಕೇಳಿದ. ಗಾಳೆಪ್ಪ, “ಒಡೀಲಿಲ್ಲ ಸ್ವಾಮಿ, ಕರಗ್ತು” ಅಂದ. ಮರುಳಪ್ಪ ಗೌಡ, “ಎರಡೂ ಒಂದೇ” ಅಂದ. “ಒಡೆದಿದ್ರೆ ಚೂರು ಇರ್ಬೇಕಲ್ಲ ಗೌಡ್ರೆ. ಒಂದು ಚೂರು ಹುಡುಕ್ಸಿ ತೋರಿಸಿ, ಇವತ್ತೇ ಹೆಂಡ್ತಿ ಮಕ್ಕಳ ಜೊತೆ ಊರು ಬಿಡ್ತೀನಿ.” ಯಾರೂ ನೀರಿಗೆ ಇಳೀಲಿಲ್ಲ. “ಹಂಗಾದ್ರೆ ಗಡಿ ಎಲ್ಲಿ?” ಅಂದ ಓಬಳಪ್ಪ. ಗಾಳೆಪ್ಪ ಕೈ ತೋರಿಸ್ದ. “ಕೆರೆ ಕಟ್ಟೋಕೆ ಮುಂಚೆ ಅಲ್ಲಿ ಹಳ್ಳ ಹರೀತಿತ್ತು, ಹಳ್ಳದ ನಡುವೇ ಗಡಿ, ನಮ್ಮಪ್ಪ ತೋರಿಸಿದ್ದು ಅದು, ಆಮೇಲೆ ನೀವು ಏರಿ ಹಾಕಿ ನೀರು ನಿಲ್ಸಿದ್ರೆ ನಾನೇನು ಮಾಡ್ಲಿ, ಗಡಿ ನೀರೊಳಗೆ ಐತೆ, ನೀರೊಳಗೇ ನಡೆದೆ” ಅಂದ. ಇದು ನಿಜವೋ, ಏರಿ ಮ್ಯಾಲೆ ಕೂತು ಉಸಿರು ಎಳ್ಕೊಳ್ತಾ ಹುಟ್ಟಿಸಿದ್ದೋ, ನಂಗೂ ಅನುಮಾನ ಐತೆ. ನಮ್ಮ ವಂಶದೋನು ಅಂತ ನಾನು ಮುಚ್ಚಿಡಲ್ಲ. ಆದ್ರೆ ಅವನನ್ನ ಸುಳ್ಳ ಅನ್ನೋಕೆ ಆ ಹೊತ್ನಾಗೆ ಒಬ್ರ ಹತ್ರಾನೂ ಚೂರು ಮಣ್ಣಿರ್ಲಿಲ್ಲ. ಮುನ್ಷಿ ಅವನು ಇಳಿದ ಜಾಗದಾಗೆ ಒಂದು ಕಲ್ಲು ನೆಡ್ಸಿದ, ಎದ್ದ ಜಾಗದಾಗೆ ಒಂದು ಕಲ್ಲು ನೆಡ್ಸಿದ. ನಡುವೆ ಸರಪಳಿ ಹೋಗಲ್ಲ. ನಕ್ಷೇಲಿ ಗೆರೆ ಎಳೀತಾ ಬಂದು ನೀರಿನ ಹತ್ರ ನಿಲ್ಸಿ, ಆಚೆಯಿಂದ ಮತ್ತೆ ಶುರು ಮಾಡ್ದ. ಜ್ವರದ ದೊರೆ ಎದ್ದು ಕೂತು, ಇದೇನು ಗೆರೆ ತುಂಡಾಗೈತೆ ಅಂತ ಕೇಳಿದ್ನಂತೆ. ಸ್ಥಳೀಯ ಪದ್ಧತಿ ಅಂತ ಹೇಳಿ ಮುನ್ಷಿ ಬೇಗ ಡೇರೆ ಕೀಳಿಸ್ದ.

ಇಷ್ಟಕ್ಕೇ ಮುಗಿದಿದ್ರೆ ಕೆರೆಗೆ ಹೆಸರು ಬರ್ತಿರ್ಲಿಲ್ಲ. ಆವತ್ತು ಸಂಜೆ ಎರಡೂರಾಗೂ ಗುಸುಗುಸು ಶುರುವಾಯ್ತು. ಕುಳವಾಡಿ ಮುಳುಗೆದ್ದವ್ನೆ, ಬೊಗಸೆ ಹಾಕಿ ಕುಡಿದವ್ನೆ, ನೀರು ಮೈಲಿಗೆ ಆಯ್ತು, ಇನ್ನು ಮುಟ್ಟಂಗಿಲ್ಲ ಅಂತ. ಎರೆಹಾಳಿನ ಹಿರೇರು ಕಟ್ಟೆ ಮ್ಯಾಲೆ ಸೇರಿ ಹಂಗಂತ ತೀರ್ಮಾನ ಮಾಡೋಕೆ ಹೊರಟಾಗ ಮರುಳಪ್ಪ ಗೌಡನೇ ತಡೆದ. “ಮೈಲಿಗೆ ಅಂತ ನಾವು ಬಿಟ್ರೆ ಆ ಕೆಂಗುಂಟೆಯೋರು ಬಿಡ್ತಾರೇನ್ರೋ? ಬಿಟ್ಟಂಗೆ ನಾಟಕ ಮಾಡಿ ನಾಳೆ ಬೆಳಗ್ಗೆ ಕೆರೆ ಪೂರಾ ನಮ್ಮದು ಅಂತಾರೆ.” ಅದೇ ಹೊತ್ನಾಗೆ ಕೆಂಗುಂಟೇಲಿ ಓಬಳಪ್ಪ ಅದೇ ಮಾತನ್ನ, ಊರಿನ ಹೆಸರು ಬದಲಾಯಿಸಿ, ಹೇಳ್ತಿದ್ದ. ಇಬ್ರಿಗೂ ದೇವರ ಮ್ಯಾಲೆ ಎಷ್ಟು ಭಯವಿತ್ತೋ ಏನೋ, ಒಬ್ಬರ ಮ್ಯಾಲೊಬ್ಬರಿಗಿದ್ದ ಅನುಮಾನ ಅದಕ್ಕಿಂತ ದೊಡ್ಡದಿತ್ತು. ಹೊತ್ತು ಮುಳುಗೋ ಮುಂಚೆ ಗೌಡ ತನ್ನ ಮನೆ ಹೆಂಗಸ್ರಿಗೇ ಕೊಡ ಕೊಟ್ಟು ಬಡಗಲ ದಂಡೆಗೆ ಕಳಿಸ್ದ. ಓಬಳಪ್ಪ ತನ್ನ ತಾಯೀನೇ ತೆಂಕಲ ದಂಡೆಗೆ ಕರ್ಕೊಂಡು ಬಂದ. ಎರಡು ಕಡೇನೂ ನೀರು ತುಂಬ್ತಾ, ಆ ಕಡೆಯೋರು ತುಂಬ್ತಾರಾ ಇಲ್ವಾ ಅಂತ ಕದ್ದು ಕದ್ದು ನೋಡ್ತಿದ್ರು.

ಆಗ ನಿಂಗವ್ವ ಬಿಂದಿಗೆ ಸೊಂಟಕ್ಕಿಟ್ಕೊಂಡು, ಮೂಡಲ ದಂಡೇಲಿ ಹೊಸಾ ಕಲ್ಲು ನೆಟ್ಟಿದ್ದ ಜಾಗಕ್ಕೆ ಬಂದು, ನೀರಿಗೆ ಇಳಿದ್ಲು. ಎರೆಹಾಳಿನ ಒಬ್ಬಳು, “ಏಯ್ ನಿಂಗಿ, ಎಲ್ಲಿಗೆ ಬಂದೀಯೆ?” ಅಂದ್ಲು. “ಗಡಿ ಮ್ಯಾಲೆ ನಿಂತೀನಿ ತಾಯಿ. ಇದು ನಿಮ್ಮೂರಾ?” ಅಂದ್ಲು ನಿಂಗವ್ವ. ನಮ್ಮೂರು ಅಂತ ಅಂದ್ರೆ ಆ ಕಡೆ ದಂಡೇಲಿ ಓಬಳಪ್ಪ ಕಿವಿ ನಿಮಿರಿಸ್ಕೊಂಡು ನಿಂತಿದ್ದ. ಕೆಂಗುಂಟೆಯೋರು ನಮ್ಮೂರು ಅಂದ್ರೆ ಈ ಕಡೆ ಗೌಡ. ಎರಡು ಕಡೆಯೋರೂ ಬಾಯಿ ಮುಚ್ಕೊಂಡ್ರು. ಅವಳು ಬಿಂದಿಗೆ ಬಗ್ಗಿಸಿ, ಗುಳುಗುಳು ಅಂತ ಕಂಠಮಟ್ಟ ತುಂಬಿಸ್ಕೊಂಡು, ಇನ್ನೊಬ್ರು ಹುಯ್ಯೋಕೆ ಕಾಯ್ದೆ, ಮನೆಗೆ ಹೋದ್ಲು. ಮಾರನೇ ದಿನ ಕೇರಿ ಹೆಂಗಸ್ರೆಲ್ಲ ಅದೇ ಜಾಗಕ್ಕೆ ಬಂದ್ರು. ಅವರ ಕಾಲಿಗೆ ನೆಲ ಸವೆದು ಮೆಟ್ಟಿಲ ಥರ ಆಯ್ತು, ಆಮೇಲೆ ನಮ್ಮೋರು ಕಲ್ಲು ಹಾಸಿದ್ರು. ಅವತ್ತಿಂದ ಈ ಕೆರೆ ಮಣ್ಣುಂಡೆ ಕರಗಿದ ಕೆರೆ. ಗಾಳ ಅಂತಿದ್ದೋರು ಯಾವಾಗ ಗಾಳೆಪ್ಪ ಅನ್ನೋಕೆ ಹತ್ತಿದ್ರೋ ಯಾರಿಗೂ ನೆನಪಿಲ್ಲ. ಶಾನೆ ತಡವಾಗೇ ಇರ್ಬೇಕು.

ಇಷ್ಟು ಕೇಳಿ ಜಯಶೀಲಾ ಟೋಪಿ ತೆಗೆದು ತಲೆ ಒರೆಸ್ಕೊಂಡ್ಲು. “ಚೆನ್ನಾಗಿದೆ ಅಜ್ಜ. ಆದ್ರೆ ನಂಗೆ ಅಳತೆ ಬೇಕಲ್ಲ” ಅಂದ್ಲು. “ಅಳಿ, ಬ್ಯಾಡ ಅಂದೋರ್ಯಾರು? ನಮ್ಮ ಪದ್ಧತೀಲಿ ಅಳಿ. ಗಡಿ ಹೇಳೋನು ಉಂಡೆ ಹೊತ್ತು ಹೇಳ್ಬೇಕು. ನೀನು ಹೇಳಲ್ಲ, ಈ ಕೋಲು ಹೇಳ್ತದೆ ಅಂದ್ಯಲ್ಲ, ಕೋಲೇ ಹೊರ್ಲಿ” ಅಂದೆ. ಎಳನೀರಿನೋನೂ ಮಜ್ಜಿಗೆಯೋನೂ ನಕ್ಕರು. ನಾನು ಗಾಳೆಪ್ಪನ ಮೆಟ್ಟಿಲು ಇಳಿದು, ನೀರು ಕಡಿಮೆ ಆಗಿತ್ತು, ಕೆರೆ ಒಳಗಿನ ಮಣ್ಣು ಬಾಚಿ ದೊಡ್ಡ ಉಂಡೆ ಕಟ್ಟಿದೆ. ಆ ಹುಡುಗಿ ಒಳ್ಳೇಳು, ಕೋಲಿನ ತಲೆಗೆ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿ, “ಇಡಿ ನೋಡೋಣ” ಅಂದ್ಲು. ಇಟ್ಟೆ, ಇಟ್ಟು ಸುತ್ತ ಮೆತ್ತಿದೆ. ಅವಳ ಕೈಯಾಗಿದ್ದ ಪೆಟ್ಟಿಗೆ ಒಂದಷ್ಟು ಹೊತ್ತು ತಡಬಡಿಸ್ತು. ಆಮೇಲೆ ಕೀಂ ಅಂತು. “ಏನಂತೆ?” ಅಂದೆ. “ಉಪಗ್ರಹ ಸಿಗ್ತಿಲ್ಲ ಅಂತಿದೆ. ಒದ್ದೆ ಮಣ್ಣು ಮುಚ್ಕೊಂಡ್ರೆ ಇದಕ್ಕೆ ಆಕಾಶ ಕಾಣಲ್ಲ ಅಜ್ಜ, ಅಷ್ಟೆ” ಅಂದ್ಲು. ಅವಳಿಗೆ ಅಷ್ಟೆ. ನಂಗೆ ಬ್ಯಾರೆ. ಉಂಡೆ ಹೊತ್ತ ಮ್ಯಾಲೆ ಸುಳ್ಳು ಹೇಳೋಕ್ಕಿಂತ ಸುಮ್ನಿರೋದು ವಾಸಿ ಅಂತ ಆ ಕೋಲಿಗೂ ತಿಳೀತು. ಅವಳು ಉಂಡೆ ಇಳಿಸಿ, ಕೋಲನ್ನ ಮೂಡಲ ಕಲ್ಲಿನ ಮ್ಯಾಲಿಟ್ಟು ಒಂದು ಚುಕ್ಕೆ ಹಾಕ್ಕೊಂಡ್ಲು, ಏರಿ ಕಲ್ಲಿನ ಮ್ಯಾಲಿಟ್ಟು ಇನ್ನೊಂದು ಹಾಕ್ಕೊಂಡ್ಲು. ಎಡಕ್ಕೆ ಬಳಸಿ ಅಂತ ಎಳನೀರಿನೋನು ಅಂದ, ಬಲಕ್ಕೆ ಅಂತ ಮಜ್ಜಿಗೆಯೋನು ಅಂದ. “ನೀವಿಬ್ರೂ ಒಂದೇ ಮಾತು ಹೇಳೋವರೆಗೂ ಹಳೇ ನಕ್ಷೆ ಥರಾನೇ ಬಿಡ್ತೀನಿ” ಅಂತ ಹೇಳಿ ಪೆಟ್ಟಿಗೆ ಮುಚ್ಚಿದ್ಲು. ಅವರಿಬ್ರೂ ಒಂದೇ ಮಾತು ಹೇಳೋದು ಈ ಜನ್ಮದಾಗಿಲ್ಲ. ಹೋಗೋ ಮುಂಚೆ ಪರದೆ ಮ್ಯಾಲೆ ತೋರಿಸಿದ್ಲು ಕೂಡ, ಗೆರೆ ಬಂದು ನೀರಿನ ಹತ್ರ ನಿಂತಿತ್ತು. ನಾನು ನೋಡಿ ತಲೆ ಆಡಿಸ್ದೆ. ಆದ್ರೂ ನಂಬಿಲ್ಲ. ಆಫೀಸಿಗೆ ಹೋದ ಮ್ಯಾಲೆ ಯಾರು ಯಾರಿಗೆ ಏನು ಕುಡಿಸ್ತಾರೋ. ವಾರಕ್ಕೊಂದ್ಸಲ ಮೊಮ್ಮಗಳ ಹತ್ರ ಫೋನಾಗೆ ಆ ನಕ್ಷೆ ತೆಗೆಸಿ ನೋಡ್ತಾನೇ ಇರ್ತೀನಿ.

ಈಗ್ಲೂ ನೀವು ಬಂದ್ರೆ ಎರಡು ಕಲ್ಲೂ ಅಲ್ಲೇ ಅವೆ. ಬ್ಯಾಸಗೇಲಿ ನೀರು ಇಳಿದಾಗ ಏರಿ ಕಡೆ ಒಂದು ಪಟ್ಟೆ ಮಣ್ಣು ಎದ್ದು ಕಾಣ್ತದೆ. ಅದು ಎರೆಯೂ ಅಲ್ಲ, ಕೆಂಪೂ ಅಲ್ಲ, ಬ್ಯಾರೇದೇ ಬಣ್ಣ. ಒಂದು ಹಿಡಿ ತಗೊಂಡು ಉಂಡೆ ಕಟ್ಟಿ ಬಿಸಿಲಿಗಿಡಿ, ಬಿರಿಯಲ್ಲ. ಬಂದೋರು ಗಾಳೆಪ್ಪನ ಮೆಟ್ಟಿಲ ಮ್ಯಾಲೆ ನಿಂತು ಫೋನು ತೆಗೆದು ನೋಡ್ತಾರೆ, ಅದು ಒಂದ್ಸಲ ಎರೆಹಾಳು ಅಂತದೆ, ಇನ್ನೊಂದ್ಸಲ ಕೆಂಗುಂಟೆ ಅಂತದೆ, ಒಂದೊಂದ್ಸಲ ನೀಲಿ ಚುಕ್ಕೆ ನೀರಿನ ನಡುವೆ ಹೋಗಿ ನಿಲ್ತದೆ. ಪಾಪ, ಅದಕ್ಕೂ ಆಗ್ತಿಲ್ಲ. ಅಲ್ಲಿ ಹೆಂಗಸ್ರು ಬಗ್ಗಿ ಬಿಂದಿಗೆ ತುಂಬ್ತಾ ಇರ್ತಾರೆ. ನೀವೂ ಫೋನು ಜೇಬಿಗಿಟ್ಟು ಬಗ್ಗಿ ಒಂದು ಬೊಗಸೆ ಕುಡೀರಿ. ಆದ್ರೆ ಅವರನ್ನ ಯಾವೂರಮ್ಮ ನಿಮ್ಮದು ಅಂತ ಮಾತ್ರ ಕೇಳಬ್ಯಾಡಿ. ಆ ಜಾಗದಾಗೆ ನಿಂತು ಹಂಗೆ ಕೇಳೋನ ಮ್ಯಾಲೆ ನಂಗೆ ಅನುಮಾನ.